ಕಂಬಿ ಬಿಗಿದರೆ ಹಿಡಿತ ಹೆಚ್ಚೀತೇ? ಮದ್ರಾಸಿನ ರೇಸ್ ಕಾರುಗಳ ಏಳು ದಶಕ

ಮದ್ರಾಸಿನ, ಅಂದರೆ ಇಂದಿನ ಚೆನ್ನೈನ, ಕಾಸಿಮೇಡು ಮೀನುಗಾರಿಕೆ ಬಂದರಿನ ಸುತ್ತಮುತ್ತಲ ಗ್ಯಾರೇಜುಗಳಿಗೆ ಈಗ ಬರುವ ಹುಡುಗರಲ್ಲಿ ಬಹಳಷ್ಟು ಜನ ಕೇಳುವುದು ಎರಡೇ ವಸ್ತು. ಬಾನೆಟ್ ಎತ್ತಿದರೆ ಎದ್ದು ಕಾಣುವ ಬಣ್ಣದ ಸ್ಟ್ರಟ್ ಬಾರ್ ಒಂದು, ಕಂಪನಿ ಕೊಟ್ಟದ್ದಕ್ಕಿಂತ ದಪ್ಪನೆಯ, ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್ ಇನ್ನೊಂದು. ಟೈರ್ ಎಷ್ಟು ಹಳೆಯದು, ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ ಎಂದು ಮೆಕ್ಯಾನಿಕ್ ಕೇಳಿದರೆ ಅವರಿಗೆ ಅದು ಮುದುಕರ ಮಾತು. ಕಂಬಿ ಬಿಗಿದರೆ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ ಹೀಗೆ ಗಟ್ಟಿಯಾಗಿದೆ. ಅದು ಈ ಊರಿನಲ್ಲೇ ಬೇರೂರಿರುವುದು ನನಗೆ ಹೆಚ್ಚು ನೋವಿನ ಸಂಗತಿ. ಕಾರನ್ನು ತಿರುವಿನಲ್ಲಿ ಪಳಗಿಸುವ ವಿದ್ಯೆಯನ್ನು ಭಾರತ ಬಹುಮಟ್ಟಿಗೆ ಕಲಿತದ್ದು ಮದ್ರಾಸಿನ ಸುತ್ತಮುತ್ತಲೇ. ಆ ಕಲಿಕೆಯನ್ನು ಬರೆದಿಟ್ಟವರು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಆಂಟಿ-ರೋಲ್ ಬಾರ್‌ಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1919ರಲ್ಲಿ, ಕೆನಡಾದ ಸ್ಟೀಫನ್ ಕೋಲ್ಮನ್‌ಗೆ. ರೋಲ್ಸ್-ರಾಯ್ಸ್ ಬಿಟ್ಟು ಜನರಲ್ ಮೋಟಾರ್ಸ್ ಸೇರಿದ ಮಾರಿಸ್ ಓಲಿ 1930ರ ದಶಕದಲ್ಲಿ ಸಸ್ಪೆನ್ಷನ್ನಿನ ಲೆಕ್ಕಕ್ಕೆ ಶಿಸ್ತು ತಂದರು. ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ (ತಿರುವಿನಲ್ಲಿ ಕ್ರಮವಾಗಿ ಮುಂಭಾಗ, ಹಿಂಭಾಗ ಜಾರುವುದು) ಎಂಬ ಮಾತುಗಳು ಇಂಜಿನಿಯರುಗಳ ಬಾಯಿಗೆ ಬಂದದ್ದು ಆ ಕಾಲದಲ್ಲಿ. 1950ರ ಫೋರ್ಡ್ ಕಾನ್ಸುಲ್ ಮತ್ತು ಝೆಫಿರ್ ಕಾರುಗಳು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂರುವ ಮ್ಯಾಕ್‌ಫರ್ಸನ್ ಸ್ಟ್ರಟ್ಟನ್ನು ಸಾಮಾನ್ಯರ ಬಳಿಗೆ ತಂದವು. 1962ರಲ್ಲಿ ಕಾಲಿನ್ ಚಾಪ್‌ಮನ್ ಲೋಟಸ್ 25ರ ಮೂಲಕ, ತಾನೇ ಚೌಕಟ್ಟಾಗಿ ಭಾರ ಹೊರುವ ಮೊನೊಕಾಕ್ ಕವಚವನ್ನು ಫಾರ್ಮುಲಾ ಒನ್‌ಗೆ ಒಗ್ಗಿಸಿದರು. ಬಾಡಿ ತಿರುಚಿಕೊಂಡರೆ ಸಸ್ಪೆನ್ಷನ್ನಿನ ಯಾವ ಲೆಕ್ಕವೂ ನಿಲ್ಲದು ಎಂಬುದು ಅಲ್ಲಿಂದಾಚೆಗೆ ಸರ್ವಸಮ್ಮತ ಪಾಠ. ಇಂದಿನ ಬಣ್ಣದ ಕಂಬಿಗಳ ವ್ಯಾಪಾರ ನಿಂತಿರುವುದು ಅದೇ ಪಾಠದ ಅರ್ಧ ತುಂಡಿನ ಮೇಲೆ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಕಾಸಿಮೇಡಿನಿಂದ ವಾಯವ್ಯಕ್ಕೆ, ಕಲ್ಕತ್ತಾ ಹೆದ್ದಾರಿಯ ಬದಿಯ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯೊಂದಿತ್ತು. ಅದೇ ರೇಸ್ ಟ್ರ್ಯಾಕ್ ಆಯಿತು. ಅಂಬಾಸಿಡರ್, ಫಿಯಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್ ಇವಿಷ್ಟೇ ಸಾಮಾನ್ಯರ ಕೈಗೆ ಸಿಗುತ್ತಿದ್ದ ಬಂಡವಾಳ. ಇವುಗಳಲ್ಲಿ ಹೆರಾಲ್ಡ್ ಮದ್ರಾಸಿನದೇ ಕೂಸು, ಇಲ್ಲಿನ ಸ್ಟ್ಯಾಂಡರ್ಡ್ ಮೋಟಾರ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಹಿಂಬದಿಯ ಸ್ವಿಂಗ್ ಆಕ್ಸಲ್ ವೇಗದ ತಿರುವಿನಲ್ಲಿ ಚಕ್ರವನ್ನು ಒಳಕ್ಕೆ ಮಡಚಿ ಕಾರಿನ ಹಿಂಭಾಗವನ್ನೇ ಎತ್ತಿಬಿಡುತ್ತಿತ್ತು. ಇಂಗ್ಲೆಂಡಿನ ಟ್ರಯಂಫ್ 1970ರ ಸ್ಪಿಟ್‌ಫೈರ್‌ನಲ್ಲಿ ಇದಕ್ಕೆ ಮದ್ದು ಕಂಡುಕೊಂಡಿತು. ಹಿಂಬದಿಯ ಪಟ್ಟಿ ಸ್ಪ್ರಿಂಗಿನ ರೋಲ್ ಬಿಗಿತವನ್ನು ಇಳಿಸಿ, ಮುಂಬದಿಯ ಆಂಟಿ-ರೋಲ್ ಬಾರನ್ನು ದಪ್ಪ ಮಾಡಿತು. ಒಂದು ಕಡೆ ಸಡಿಲಿಸಿ ಇನ್ನೊಂದು ಕಡೆ ಬಿಗಿಯುವುದು ಈ ವಿದ್ಯೆಯ ತಿರುಳು. ಎರಡೂ ಕಡೆ ಬಿಗಿಯುವ ಇಂದಿನ ಹುಡುಗರಿಗೆ ಹೆರಾಲ್ಡ್ ಪರಿಚಯವಿದ್ದಿದ್ದರೆ ಚೆನ್ನಾಗಿತ್ತು.

ನನ್ನ ತಲೆಮಾರು ಕಣ್ಣು ಬಿಟ್ಟದ್ದು 1990ರಲ್ಲಿ ರೇಸುಗಳು ಶೋಲಾವರಂ ಬಿಟ್ಟು ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಬಂದಾಗ. ಓಡುದಾರಿಯಲ್ಲಿ ಗೆಲ್ಲಿಸುತ್ತಿದ್ದದ್ದು ಎಂಜಿನ್. 3.7 ಕಿಲೋಮೀಟರಿನ ಈ ಟ್ರ್ಯಾಕಿನ ತಿರುವುಗಳು ಸಸ್ಪೆನ್ಷನ್ನಿನ ಮರ್ಯಾದೆ ಹೆಚ್ಚಿಸಿದವು. ಆ ವೇಳೆಗೆ ಕೊಯಮತ್ತೂರಿನ ಎಸ್. ಕರಿವರ್ಧನ್ ಕೊಳವೆಗಳ ಚೌಕಟ್ಟಿಗೆ ಮಾರುತಿ 800ರ ಎಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಕಟ್ಟಿದ್ದರು. ಕೊಳವೆಯನ್ನು ಎಲ್ಲಿ ಕೋನವಾಗಿ ಬೆಸೆದರೆ ಚೌಕಟ್ಟು ತಿರುಚುವುದಿಲ್ಲ ಎಂಬುದನ್ನು ದಕ್ಷಿಣದ ಅನೇಕ ಬೆಸುಗೆಗಾರರು ಕಲಿತದ್ದು ಆ ಕಾರಿನಿಂದ. 1995ರಲ್ಲಿ ವಿಮಾನಾಪಘಾತದಲ್ಲಿ ಕರಿವರ್ಧನ್ ತೀರಿಕೊಂಡರು. ಭಾರತದ ಚಾಸಿ ವಿದ್ಯೆಗೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಾಗಿಲ್ಲ.

ಸಲೂನ್ ಕಾರುಗಳ ಸಾಲಿನಲ್ಲಿ ಆಗ ಮಾರುತಿ ಎಸ್ಟೀಮ್ ರಾಜನಾಗಿತ್ತು, ಆಮೇಲೆ ಹೋಂಡಾ ಸಿಟಿ ಬಂತು. ಎಸ್ಟೀಮ್‌ಗೆ ಹಿಂದೆ ಮುಂದೆ ಎರಡೂ ಕಡೆ ಸ್ಟ್ರಟ್. ಮಾರುತಿ 800ರಲ್ಲಂತೂ ಮುಂಬದಿಯ ಆಂಟಿ-ರೋಲ್ ಬಾರ್ ಎರಡು ಕೆಲಸ ಮಾಡುತ್ತದೆ. ವಾಲುವುದನ್ನು ತಡೆಯುತ್ತದೆ, ಲೋಯರ್ ಆರ್ಮ್ ಹಿಂದೆ ಮುಂದೆ ಸರಿಯದಂತೆಯೂ ಹಿಡಿಯುತ್ತದೆ. ಅದರ ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಚಕ್ರವೇ ಜಾಗ ಬಿಡುತ್ತದೆ, ಸ್ಟಿಯರಿಂಗ್ ಅಕ್ಷದ ಓರೆ, ಅಂದರೆ ಕ್ಯಾಸ್ಟರ್, ಬದಲಾಗುತ್ತದೆ. ಹಾಗಾಗಿ ನಾನು ಕಂಡ ಒಳ್ಳೆಯ ಮೆಕ್ಯಾನಿಕ್‌ಗಳು ಬಾರಿಗಿಂತ ಮೊದಲು ಬುಷ್ ನೋಡುತ್ತಿದ್ದರು. ಟೈರಿನ ಗಾಳಿ, ಚಕ್ರಗಳ ಟೋ ಮತ್ತು ಕ್ಯಾಂಬರ್ ಕೋನಗಳು, ಬುಷ್, ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಇವೆಲ್ಲ ಮುಗಿದ ಮೇಲೆಯೇ ಬಾರಿನ ಸರದಿ. ಈ ಕ್ರಮವನ್ನು ನಾನು ಇಂದಿಗೂ ಮದ್ರಾಸ್ ಪಂಥವೆಂದೇ ಕರೆಯುತ್ತೇನೆ. ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ.

ಬಾರನ್ನು ಕೊನೆಗೆ ಇಡುವುದರ ಹಿಂದಿನ ಲೆಕ್ಕ ಸರಳ. ಒಂದು ಟನ್ ತೂಕದ ಕಾರಿನ ಗುರುತ್ವಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವೆ 1.4 ಮೀಟರ್ ಅಂತರವಿದೆ ಎನ್ನಿ. 0.8 ಜಿ ಬಲದಲ್ಲಿ ತಿರುಗುವಾಗ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸುಮಾರು 285 ಕಿಲೋ ಭಾರ ದಾಟುತ್ತದೆ. ಬಾರ್ ಎಷ್ಟೇ ದಪ್ಪವಿರಲಿ, ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಮಾತ್ರ ಬಾರ್ ನಿರ್ಧರಿಸುತ್ತದೆ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ. ಆದ್ದರಿಂದ ಯಾವ ಕಡೆಯ ಬಾರ್ ಬಿಗಿಯುತ್ತೀರೋ ಆ ಕಡೆಯ ಹಿಡಿತ ಮೊದಲು ಸೋಲುತ್ತದೆ. ಮುಂದೆ ದಪ್ಪ ಮಾಡಿದರೆ ಕಾರು ಹೊರಕ್ಕೆ ಎಳೆಯುತ್ತದೆ, ಹಿಂದೆ ದಪ್ಪ ಮಾಡಿದರೆ ಹಿಂಭಾಗ ಜಾರುತ್ತದೆ. ದಪ್ಪದ ಪರಿಣಾಮವೂ ಸಣ್ಣದಲ್ಲ. ಬಿಗಿತವು ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ, 20 ಮಿಲಿಮೀಟರ್ ಬಾರ್ ತೆಗೆದು 22 ಹಾಕಿದರೆ ಬಿಗಿತ ಶೇಕಡಾ 46ರಷ್ಟು ಹೆಚ್ಚು.

ಹಾಗಾದರೆ ದಪ್ಪ ಬಾರಿನಿಂದ ಲಾಭವೇ ಇಲ್ಲವೇ? ಇದೆ. ಸ್ಟ್ರಟ್ ಸಸ್ಪೆನ್ಷನ್ನಿನ ಕಾರು ವಾಲಿದಾಗ ಹೊರಚಕ್ರ ಹೊರಕ್ಕೆ ಬಾಗಿ ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ವಾಲುವುದು ಕಡಿಮೆಯಾದರೆ ಟೈರ್ ನೆಲದ ಮೇಲೆ ಸಪಾಟಾಗಿ ಕೂರುತ್ತದೆ, ಮುಂದಿನ ಹಿಡಿತ ಹೆಚ್ಚಲೂಬಹುದು. ಸ್ಟಿಯರಿಂಗ್‌ಗೆ ಕಾರು ಬೇಗ ಓಗೊಡುತ್ತದೆ. ನುಣುಪಾದ ಟ್ರ್ಯಾಕಿನಲ್ಲಿ ಇದು ನಿಜವಾದ ಗಳಿಕೆ. ಹಳ್ಳಬಿದ್ದ ರಸ್ತೆಯಲ್ಲಿ ಅದೇ ಬಾರ್ ಎಡಚಕ್ರದ ಕುಲುಕನ್ನು ಬಲಚಕ್ರಕ್ಕೂ ದಾಟಿಸುತ್ತದೆ. ತಿರುವಿನಿಂದ ಹೊರಬರುವಾಗ ಮುಂದಿನ ಒಳಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ‍್ಯಾಲಿಗಳಲ್ಲಿ ಅನುಭವಿಗಳು ಮೆತ್ತನೆಯ ಬಾರ್ ಬಯಸುವುದು ಇದಕ್ಕೇ.

2010ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಕಪ್ ಆರಂಭವಾದ ಮೇಲೆ ಒಂದೇ ಮಾದರಿಯ, ಒಂದೇ ತಯಾರಿಯ ಕಾರುಗಳ ಕಾಲ ಬಂತು. ಚಾಲಕರಿಗೆ ಅದು ಒಳ್ಳೆಯದಾಯಿತು, ಹೊರಗಿನ ಮೆಕ್ಯಾನಿಕ್‌ಗಳ ಕೈ ಕಟ್ಟಿತು. ಬಣ್ಣದ ಕಂಬಿ ಅಂಗಡಿಗಳಿಗೆ ನುಗ್ಗಿದ್ದೂ ಈ ಅವಧಿಯಲ್ಲೇ. ರೇಸ್ ಕಾರಿನ ಬಾಡಿ ಬಿಗಿಯಾಗಿರುವುದು ಒಳಗೆ ಬೆಸೆದ ಕೊಳವೆಗಳ ಪಂಜರವಾದ ರೋಲ್ ಕೇಜ್‌ನಿಂದ. ನಮ್ಮ ಹುಡುಗರು ಕೇಜ್ ಬಿಟ್ಟು ಕಂಬಿಯೊಂದನ್ನು ಎತ್ತಿಕೊಂಡರು.

ಸ್ಟ್ರಟ್ ಬಾರ್ ಎರಡು ಸ್ಟ್ರಟ್ ಗೋಪುರಗಳ ತಲೆಗಳು ಹತ್ತಿರವಾಗದಂತೆ, ದೂರವಾಗದಂತೆ ಹಿಡಿಯಬೇಕು. ಮಾರುಕಟ್ಟೆಯ ಎಷ್ಟೋ ಕಂಬಿಗಳ ತುದಿಯಲ್ಲಿ ತಿರುಗುವ ಬೋಲ್ಟ್ ಕೀಲಿದೆ, ಕೆಳಗೆ ತೆಳುವಾದ ತಗಡಿದೆ. ಭಾರ ಬಿದ್ದಾಗ ಮೊದಲು ಬಾಗುವುದು ಆ ತಗಡು. ಇನ್ನೊಂದು ವಿಷಯ. ಇಂದಿನ ಸಣ್ಣ ಕಾರುಗಳ ಬಾಡಿಯನ್ನು ಒಂದು ಡಿಗ್ರಿ ತಿರುಚಲು ಹತ್ತು ಸಾವಿರ ನ್ಯೂಟನ್ ಮೀಟರಿಗೂ ಮೀರಿದ ತಿರುಚುಬಲ ಬೇಕು, ಸಸ್ಪೆನ್ಷನ್ನಿನ ರೋಲ್ ಬಿಗಿತ ಡಿಗ್ರಿಗೆ ಸಾವಿರದ ಆಸುಪಾಸು. ಇಲ್ಲಿ ಮೆತ್ತಗಿರುವುದು ಬಾಡಿಯಲ್ಲ. ಮೇಲ್ಛಾವಣಿಯಿಲ್ಲದ ಸ್ಪೋರ್ಟ್ಸ್ ಕಾರಿನ ಮಾತು ಬೇರೆ. ಮುಚ್ಚಳ ತೆಗೆದ ರಟ್ಟಿನ ಡಬ್ಬದಂತೆ ಅದು ಸಲೀಸಾಗಿ ತಿರುಚುತ್ತದೆ, ತಳಕ್ಕೆ ಅಡ್ಡಲಾಗಿ ಬಿಗಿದ ಪಟ್ಟಿಗಳಿಂದ ಅದಕ್ಕೆ ಕೈಗೆ ತಿಳಿಯುವಷ್ಟು ಲಾಭವಿದೆ. ಬಿಗಿತವೇ ಸದ್ಗುಣವೆಂದು ನಂಬಿದವರು ಗೋ-ಕಾರ್ಟನ್ನೂ ನೋಡಬೇಕು. ಸಸ್ಪೆನ್ಷನ್ನೇ ಇಲ್ಲದ ಅದು ತಿರುಗುವುದೇ ಚೌಕಟ್ಟು ಬಾಗುವುದರಿಂದ. ಯಮಹಾ ಕಂಪನಿ ಬಾಡಿಯ ಕಂಪನವನ್ನು ಹೀರುವ ಡ್ಯಾಂಪರನ್ನೇ ತಯಾರಿಸಿದೆ. ಬಾಡಿಯ ವರ್ತನೆಯನ್ನು ಬಿಗಿತವೊಂದರಿಂದಲೇ ಅಳೆಯಲಾಗದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾಸಿಮೇಡಿನ ಸಮಸ್ಯೆಯಂತೂ ತುಕ್ಕು. ಕಡಲ ಗಾಳಿ ಮತ್ತು ಮೀನಿನ ಗಾಡಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು ಬಾಡಿಯ ಕೀಲುಗಳನ್ನು ತಿನ್ನುತ್ತವೆ. ಸ್ಟ್ರಟ್ ಗೋಪುರದ ಬುಡ, ಸಬ್‌ಫ್ರೇಮಿನ ಬೋಲ್ಟ್ ಕೂರುವ ಜಾಗ, ಆಂಟಿ-ರೋಲ್ ಬಾರಿನ ಕ್ಲ್ಯಾಂಪ್ ಮೊದಲು ಟೊಳ್ಳಾಗುತ್ತವೆ. ಅದರ ಮೇಲೆ ದಪ್ಪ ಬಾರ್ ಕೂರಿಸಿದರೆ ಕ್ಲ್ಯಾಂಪ್ ಕಿತ್ತುಬರುತ್ತದೆ. ಬಿಗಿಯಲು ಬಂದ ಕಾರನ್ನು ಮೊದಲು ಲಿಫ್ಟ್ ಮೇಲೆತ್ತಿ, ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ, ತುಕ್ಕು ಕೆರೆದು ಬೆಸೆಯುವ ಗ್ಯಾರೇಜುಗಳು ಇಲ್ಲಿ ಇನ್ನೂ ಇವೆ. ಬಾಡಿಗೆ ನಿಜವಾದ ಬಿಗಿತ ಮರಳಿಸುವ ಕೆಲಸ ಅವುಗಳದು.

ಈ ಏಳು ದಶಕದಲ್ಲಿ ನಾವು ಅಳತೆ ಮಾಡುವುದನ್ನು ಮಾತ್ರ ಕಲಿಯಲಿಲ್ಲ. ಭಾರತದಲ್ಲಿ ಮಾರುವ ಕಂಬಿಗಳಲ್ಲಿ ಹಾಕುವ ಮೊದಲಿನ ಮತ್ತು ಹಾಕಿದ ನಂತರದ ತಿರುಚುವಿಕೆಯ ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿದ ಒಂದೂ ನನ್ನ ಕೈಗೆ ಬಂದಿಲ್ಲ. ಅಳೆಯಬಲ್ಲವರು ದೂರವಿಲ್ಲ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಐಐಟಿ ಮದ್ರಾಸಿನ ರಫ್ತಾರ್ ತಂಡದ ವಿದ್ಯಾರ್ಥಿಗಳು ತಮ್ಮ ಚೌಕಟ್ಟಿನ ತಿರುಚುವಿಕೆಯನ್ನು ಲೆಕ್ಕ ಹಾಕದೆ ಕಾರು ಕಟ್ಟುವುದಿಲ್ಲ. ಮದ್ರಾಸಿನ ಹೊರವಲಯದ ಒರಗಡಂನಲ್ಲಿ ಸರ್ಕಾರದ ವಾಹನ ಪರೀಕ್ಷಾ ಕೇಂದ್ರವಿದೆ. 2024ರ ಆಗಸ್ಟ್ 31ರಂದು ಕಾಸಿಮೇಡಿನಿಂದ ಕೆಲವೇ ಕಿಲೋಮೀಟರ್ ದೂರದ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ದೀಪಗಳಡಿ ಫಾರ್ಮುಲಾ 4 ಕಾರುಗಳು ಓಡಿದವು. ಅದನ್ನು ಕಂಡು ಬಂದ ಹುಡುಗರಿಗೆ ಅಂಗಡಿಯವರು ಕಂಬಿ ತೋರಿಸುವ ಮೊದಲು ನಾವು ಅಂಕಿ ತೋರಿಸಬೇಕಿತ್ತು.

ಕಾಲೇಜು ತಂಡಗಳಿಗೆ ನನ್ನ ವಿನಂತಿ ಇಷ್ಟು. ಬಳಕೆಯಲ್ಲಿರುವ ನಾಲ್ಕಾರು ಸಾಮಾನ್ಯ ಕಾರುಗಳನ್ನು ಕಂಬಿ ಸಹಿತವಾಗಿ, ಕಂಬಿ ರಹಿತವಾಗಿ ತಿರುಚಿ ಅಳೆಯಿರಿ, ಫಲಿತಾಂಶವನ್ನು ಕನ್ನಡದಲ್ಲೂ ತಮಿಳಿನಲ್ಲೂ ಪ್ರಕಟಿಸಿರಿ. ಕಾರಿನ ಮಾಲೀಕರು ಅಲ್ಲಿಯವರೆಗೆ ಕಂಬಿಯ ಹಣವನ್ನು ಒಳ್ಳೆಯ ಟೈರ್, ಹೊಸ ಬುಷ್ ಮತ್ತು ಸರಿಯಾದ ಅಲೈನ್‌ಮೆಂಟ್‌ಗೆ ಹಾಕಲಿ.