ಮೈಸೂರಿನ ರಾಜ್ಯಾಂಗ ರಚನಾ ಸಭೆ

ಒಂದು ಕಾರ್ಯಕ್ಕೆಂದು ಕೂಡಿದ ಸಭೆ ಆ ಕಾರ್ಯವನ್ನು ಮಾಡದೆಯೇ ಮುಗಿದರೆ ಅದು ವಿಫಲವಾಯಿತೆನ್ನುವುದು ಲೋಕರೂಢಿ. ಮೈಸೂರು ಸಂಸ್ಥಾನದ ರಾಜ್ಯಾಂಗ ರಚನಾ ಸಭೆಯನ್ನು ನಮ್ಮ ಚರಿತ್ರೆಯ ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುವುದಕ್ಕೆ ಬಹುಶಃ ಇದೇ ಕಾರಣ. ಸಂಸ್ಥಾನಕ್ಕೊಂದು ರಾಜ್ಯಾಂಗವನ್ನು ಬರೆಯಲು ಕೂಡಿದ ಆ ಸಭೆ ಅದನ್ನು ಬರೆಯಲಿಲ್ಲ. ದೆಹಲಿಯಲ್ಲಿ ಸಿದ್ಧವಾಗುತ್ತಿದ್ದ ರಾಜ್ಯಾಂಗವೇ ಮೈಸೂರಿಗೂ ಇರಲಿ ಎಂದು ಶಿಫಾರಸು ಮಾಡಿತು. ಆದರೆ ಇಂದಿನ ಕರ್ನಾಟಕದ ನಕ್ಷೆಯನ್ನು ಮುಂದಿಟ್ಟುಕೊಂಡು ಯೋಚಿಸಿದರೆ, ಹಾಗೆ ಬರೆಯದೆ ಬಿಟ್ಟದ್ದೇ ಆ ಸಭೆಯ ದೊಡ್ಡ ಕಾರ್ಯವೆಂದು ತೋರುತ್ತದೆ.

ಮೈಸೂರಿಗೆ ಸಭೆಗಳು ಹೊಸತಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದು 1881ರ ಅಕ್ಟೋಬರಿನಲ್ಲಿ, ದಸರೆಯ ಸಮಯದಲ್ಲಿ. ಕಾಂಗ್ರೆಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ಮೊದಲ ಅಧಿವೇಶನಕ್ಕೆ 144 ಮಂದಿ ಪ್ರತಿನಿಧಿಗಳು. ಅವರು ಕೆರೆ, ಕಂದಾಯ, ರಸ್ತೆಗಳ ಅಹವಾಲುಗಳನ್ನು ಹೇಳಬಹುದಾಗಿತ್ತು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. 1923ರಲ್ಲಿಯೂ 1940ರಲ್ಲಿಯೂ ಸುಧಾರಣೆಗಳಾದುವು. ಆದರೂ ಇವೆಲ್ಲ ಅರಮನೆಯಿಂದ ಇಳಿದು ಬಂದ ವರಗಳು. ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಲೂ ಬಹುದಾಗಿತ್ತು.

ವರವನ್ನು ಹಕ್ಕಾಗಿ ಮಾಡಿದ್ದು 1947ರ ಚಳವಳಿ. ಆ ವರ್ಷ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರಿದರೂ ಆಡಳಿತ ಪ್ರಜೆಗಳ ಕೈಗೆ ಬರಲಿಲ್ಲ. ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಆರಂಭವಾಯಿತು, ಸೆರೆಮನೆಗಳು ತುಂಬಿದುವು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಜವಾಬ್ದಾರಿ ಸರ್ಕಾರಕ್ಕೊಂದು ಚೌಕಟ್ಟನ್ನು ನಿರ್ಮಿಸುವುದಕ್ಕಾಗಿ ರಾಜ್ಯಾಂಗ ರಚನಾ ಸಭೆಯೂ ಏರ್ಪಟ್ಟಿತು.

ಇತ್ತ ಬೆಂಗಳೂರಿನಲ್ಲಿ ಈ ಸಭೆ. ಅತ್ತ ದೆಹಲಿಯ ಸಭೆಯಲ್ಲಿ ಮೈಸೂರಿನ ಏಳು ಮಂದಿ: ಕೆ.ಸಿ. ರೆಡ್ಡಿ, ಟಿ. ಸಿದ್ಧಲಿಂಗಯ್ಯ, ಎಚ್.ಆರ್. ಗುರುವರೆಡ್ಡಿ, ಎಸ್.ವಿ. ಕೃಷ್ಣಮೂರ್ತಿ ರಾವ್, ಕೆ. ಹನುಮಂತಯ್ಯ, ಎಚ್. ಸಿದ್ಧವೀರಪ್ಪ ಮತ್ತು ಟಿ. ಚನ್ನಯ್ಯ. ಒಂದೇ ನಾಡಿಗೆ ಎರಡು ಕಡೆ ರಾಜ್ಯಾಂಗದ ಕೆಲಸ ನಡೆಯುತ್ತಿತ್ತು. ಸಂಸ್ಥಾನಗಳಿಗಾಗಿ ಒಂದು ಮಾದರಿ ರಾಜ್ಯಾಂಗವನ್ನು ತಯಾರಿಸುವ ಸಮಿತಿಗೆ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು. ಆದರೆ 1949ರ ಮೇ ತಿಂಗಳಲ್ಲಿ ಸಂಸ್ಥಾನಗಳ ಪ್ರಧಾನರು ದೆಹಲಿಯಲ್ಲಿ ಸೇರಿದಾಗ, ಪ್ರತಿಯೊಂದು ಸಂಸ್ಥಾನಕ್ಕೂ ಬೇರೆ ಬೇರೆ ರಾಜ್ಯಾಂಗ ಬೇಡ, ಅವುಗಳ ವ್ಯವಸ್ಥೆಯೂ ಭಾರತದ ರಾಜ್ಯಾಂಗದಲ್ಲಿಯೇ ಅಡಕವಾಗಲಿ ಎಂಬ ನಿಲುವು ಗಟ್ಟಿಯಾಯಿತು.

ಒಪ್ಪುವುದು ಮೈಸೂರಿಗೆ ಸುಲಭವಾಗಿತ್ತೆಂದು ತಿಳಿಯಬಾರದು. ಅರವತ್ತೆಂಟು ವರ್ಷಗಳ ಸಭಾ ಪರಂಪರೆಯಿದ್ದ ನಾಡು ಅದು. ತನ್ನದೇ ರೈಲ್ವೆ, ತನ್ನದೇ ಸೈನ್ಯ ಇದ್ದುವು. ಅವು ಕೇಂದ್ರಕ್ಕೆ ಹೋಗಬೇಕಾಗಿತ್ತು. ಹಿಂದಿನ ಸಂಸ್ಥಾನಗಳೆಲ್ಲ ಹತ್ತು ವರ್ಷ ಕಾಲ ರಾಷ್ಟ್ರಪತಿಯ ಸಾಮಾನ್ಯ ಹತೋಟಿಗೆ ಒಳಪಟ್ಟಿರಬೇಕು ಎಂಬ ಅನುಚ್ಛೇದವೂ ಹೊಸ ರಾಜ್ಯಾಂಗದಲ್ಲಿತ್ತು. ಯಾವುದಾದರೊಂದು ರಾಜ್ಯಕ್ಕೆ ವಿನಾಯಿತಿ ಕೊಡಲು ರಾಷ್ಟ್ರಪತಿಗೆ ಅವಕಾಶವಿದ್ದಿತಾದರೂ, ಸೆರೆಮನೆಗೆ ಹೋಗಿ ಸ್ವಾಧಿಕಾರ ಪಡೆದವರಿಗೆ ಅದು ಹಿತವಾಗಿ ಕೇಳಿಸುವ ಮಾತಲ್ಲ. ಇನ್ನೊಂದು ತಟ್ಟೆಯಲ್ಲಿ ಮೂಲಭೂತ ಹಕ್ಕುಗಳಿದ್ದುವು, ವಯಸ್ಕರೆಲ್ಲರಿಗೂ ಮತವಿತ್ತು, ರಾಜನ ಪ್ರಜೆಯೆಂಬ ಹೆಸರು ಹೋಗಿ ದೇಶದ ಪೌರನೆಂಬ ಹೆಸರು ಬರುತ್ತಿತ್ತು. ಸಭೆ ಈ ತಟ್ಟೆಯನ್ನು ಆರಿಸಿತು. ಅದರ ಶಿಫಾರಸಿನಂತೆ 1949ರ ನವೆಂಬರ್ 25ರಂದು ಮಹಾರಾಜರು ಭಾರತದ ರಾಜ್ಯಾಂಗವನ್ನು ಅಂಗೀಕರಿಸಿ ಘೋಷಣೆ ಹೊರಡಿಸಿದರು. ಡಿಸೆಂಬರ್ 16ರಂದು ಹಳೆಯ ಎರಡು ಸಭೆಗಳೂ ವಿಸರ್ಜನೆಯಾದುವು. 1952ರ ಚುನಾವಣೆಯವರೆಗೆ ರಾಜ್ಯಾಂಗ ರಚನಾ ಸಭೆಯೇ ಹಂಗಾಮಿ ಶಾಸನ ಸಭೆಯಾಗಿ ನಡೆಯಿತು.

ಈ ನಿರ್ಣಯದ ಫಲವೇನು? ಉತ್ತರ ರಾಜ್ಯಾಂಗದ 3ನೆಯ ಅನುಚ್ಛೇದದಲ್ಲಿದೆ. ರಾಜ್ಯಗಳ ಎಲ್ಲೆಗಳನ್ನು ಬದಲಿಸುವ ಅಧಿಕಾರವನ್ನು ಅದು ಸಂಸತ್ತಿಗೆ ಕೊಡುತ್ತದೆ. 1948ರ ಕರಡಿನಲ್ಲಿ ದೇಶೀಯ ಸಂಸ್ಥಾನಗಳ ಮಟ್ಟಿಗೆ ಒಂದು ವಿಶೇಷವಿತ್ತು: ಅವುಗಳ ಗಡಿಯನ್ನು ಮುಟ್ಟಬೇಕಾದರೆ ಅವುಗಳ ಪೂರ್ವಸಮ್ಮತಿ ಬೇಕು. ಸಂಸ್ಥಾನಗಳು ಪ್ರತ್ಯೇಕ ರಾಜ್ಯಾಂಗದ ಯೋಚನೆಯನ್ನು ಬಿಟ್ಟ ಮೇಲೆ, ಅಂತಿಮ ರೂಪದಲ್ಲಿ ಈ ಭೇದ ಉಳಿಯಲಿಲ್ಲ. ಮದರಾಸು, ಮುಂಬಯಿಗಳಂತೆ ಮೈಸೂರಿನ ಶಾಸನ ಸಭೆಯ ಅಭಿಪ್ರಾಯವನ್ನು ಕೇಳಿದರೆ ಸಾಕೆಂದಾಯಿತು. 'ಸಮ್ಮತಿ' ಹೋಗಿ 'ಅಭಿಪ್ರಾಯ' ಬಂದಿತು. ಒಂದು ಶಬ್ದದ ಬದಲಾವಣೆ. ಆದರೆ ಅದರ ಮೇಲೆ ಒಂದು ನಾಡೇ ನಿಂತಿದೆ.

ಏಕೆಂದರೆ ಏಕೀಕರಣಕ್ಕೆ ಹಳೆಯ ಮೈಸೂರಿನಲ್ಲಿ ಬಲವಾದ ವಿರೋಧವಿದ್ದಿತು. ನೀರಾವರಿ, ವಿದ್ಯುತ್ತು, ವಿದ್ಯಾಭ್ಯಾಸಗಳಲ್ಲಿ ಮುಂದುವರಿದಿದ್ದ ತಮ್ಮ ಸೀಮೆಗೆ ಹಿಂದುಳಿದ ಪ್ರದೇಶಗಳ ಭಾರ ಬೀಳುವುದೆಂಬ ಭಯ ಕೆಲವರಿಗೆ. ಸಂಖ್ಯಾಬಲ ಕೈತಪ್ಪುವುದೆಂಬ ಭಯ ಮತ್ತೆ ಕೆಲವರಿಗೆ. 1953ರಲ್ಲಿ ಬಳ್ಳಾರಿಯ ಏಳು ತಾಲ್ಲೂಕುಗಳು ಸೇರಿದುವು. 1955ರಲ್ಲಿ ಫಜಲ್ ಅಲಿ ಆಯೋಗದ ವರದಿ ಬಂದಾಗ ವಾದ ತೀವ್ರವಾಯಿತು. ಸಮ್ಮತಿಯೇ ಬೇಕೆಂಬ ನಿಯಮವಿದ್ದಿದ್ದರೆ 1956ರ ನವೆಂಬರ್ 1 ಅಷ್ಟು ಬೇಗ ಬರುತ್ತಿತ್ತೆಂದು ನಾನು ನಂಬಲಾರೆ. ತನ್ನದೇ ರಾಜ್ಯಾಂಗ ಸಭೆಯನ್ನು ನಡೆಸಿ, 1957ರ ಜನವರಿ 26ರಿಂದ ತನ್ನದೇ ರಾಜ್ಯಾಂಗವನ್ನು ಜಾರಿಗೆ ತಂದ ಜಮ್ಮು ಕಾಶ್ಮೀರಕ್ಕೆ ಆ ಸಮ್ಮತಿಯ ರಕ್ಷಣೆ 2019ರವರೆಗೂ ಇದ್ದಿತು. ಮೈಸೂರು ಆ ದಾರಿಯಲ್ಲಿ ಹೋಗಲಿಲ್ಲ.

ನಾಣ್ಯಕ್ಕೆ ಇನ್ನೊಂದು ಮುಖವಿಲ್ಲದಿಲ್ಲ. ಇದೇ 3ನೆಯ ಅನುಚ್ಛೇದದ ಬಲದಿಂದಲೇ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯ ಕನ್ನಡಿಗರ ಮತವನ್ನು ಎಣಿಸಿ ಮಾಡಿದ ತೀರ್ಮಾನವಲ್ಲ ಅದು. ಕೇಳಿದರೆ ಸಾಕು, ಒಪ್ಪಿಸಬೇಕಾಗಿಲ್ಲ ಎಂಬ ನಿಯಮ ನಮಗೆ ಕೊಟ್ಟದ್ದೆಷ್ಟೋ, ಕಿತ್ತುಕೊಂಡದ್ದೂ ಉಂಟು. ಇದನ್ನು ಮರೆತು ಹೊಗಳಿದರೆ ಚರಿತ್ರೆಗೆ ಅನ್ಯಾಯವಾದೀತು.

ಹನುಮಂತಯ್ಯನವರ ನಡೆ ಇಲ್ಲಿ ನೆನೆಯತಕ್ಕದ್ದು. 1949ರ ನವೆಂಬರಿನಲ್ಲಿ ಅವರು ದೆಹಲಿಯ ಸಭೆಯಲ್ಲಿ ಮಾತನಾಡುತ್ತ, ನಾವು ಬಯಸಿದ್ದು ವೀಣೆಯ ನಾದವನ್ನು, ದೊರೆತದ್ದು ಇಂಗ್ಲಿಷ್ ಬ್ಯಾಂಡು ಎಂಬ ಅರ್ಥದಲ್ಲಿ ಟೀಕಿಸಿದರು. ಗಾಂಧೀಜಿ ಬಯಸಿದ ರಾಜ್ಯಾಂಗ ಇದಲ್ಲವೆಂಬುದು ಅವರ ವ್ಯಥೆ. ಆದರೂ 1955ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾಗಿ, ತಮ್ಮ ಕಡೆಯವರಲ್ಲೇ ಹಲವರು ಮುನಿದರೂ, ಏಕೀಕರಣದ ಪರವಾಗಿ ನಿಂತರು. ಹೊಸ ರಾಜ್ಯ ಉದಯಿಸುವ ಮೊದಲೇ, 1956ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟರು. ಟೀಕಿಸಿದ ರಾಜ್ಯಾಂಗಕ್ಕೇ ನಿಷ್ಠರಾಗಿದ್ದು, ಅದು ತೆರೆದ ಬಾಗಿಲಿನಿಂದ ನಾಡನ್ನು ಕೂಡಿಸಲು ದುಡಿದವರು ಅವರು.

ಈಗ ಬೆಂಗಳೂರಿನ ಹೊರವಲಯವನ್ನು ನೋಡಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳು ಎಲೆಕ್ಟ್ರಾನಿಕ್ ಸಿಟಿಯಾಗಿವೆ. ಪೀಣ್ಯದ ಕಾರ್ಖಾನೆಗಳಲ್ಲಿ ಯಾದಗಿರಿಯವರೂ ವಿಜಯಪುರದವರೂ ದುಡಿಯುತ್ತಾರೆ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಮಂಗಳೂರು, ಮಡಿಕೇರಿಗಳ ಮಕ್ಕಳಿದ್ದಾರೆ. 1949ರಲ್ಲಿ ಯಾದಗಿರಿ ಹೈದರಾಬಾದಿಗೆ, ವಿಜಯಪುರ ಮುಂಬಯಿಗೆ, ಮಂಗಳೂರು ಮದರಾಸಿಗೆ ಸೇರಿತ್ತು. ಮಡಿಕೇರಿಯದು ಬೇರೆಯೇ ಆಡಳಿತ. ಇಂದು ಇವರೆಲ್ಲ ತಮ್ಮದೇ ರಾಜಧಾನಿಗೆ ಬಂದವರು, ಒಂದೇ ವಿಧಾನ ಸಭೆಗೆ ಮತ ಹಾಕುವವರು. ತಮ್ಮ ಹೆಸರಿನಲ್ಲೊಂದು ರಾಜ್ಯಾಂಗವನ್ನು ಬಿಟ್ಟುಹೋಗುವ ಕೀರ್ತಿಯನ್ನು ಆ ಪ್ರತಿನಿಧಿಗಳು ಕೈಬಿಟ್ಟರು. ಅದರಿಂದ ನಾಡಿಗೆ ದೊರೆತದ್ದು ಯಾವ ಗ್ರಂಥಕ್ಕಿಂತಲೂ ಹಿರಿದು.