ಮಾಜಾಳಿ ಆಚೆ, ಮಾಜಾಳಿ ಈಚೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕೂ ತಾಲ್ಲೂಕಿಗೆ ಸಮುದ್ರ ಇಲ್ಲ. ಹೊನ್ನಾಳಿಗೆ ತುಂಗಭದ್ರೆ ಇದ್ದಾಳೆ, ಚನ್ನಗಿರಿಗೆ ಸೂಳೆಕೆರೆ ಇದೆ, ಜಗಳೂರಿನವರು ಮಳೆ ಬಂದರೆ ಅದೇ ಸಮುದ್ರ ಅಂದುಕೊಳ್ಳುತ್ತಾರೆ. ಆದರೂ ಈ ಊರುಗಳಿಂದ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದವರ ಯಾವ ವಾಟ್ಸಾಪ್ ಗ್ರೂಪ್ ತೆಗೆದರೂ ಅಲ್ಲೊಂದು ಬೀಚ್ ಟ್ರಿಪ್ಪಿನ ಪ್ಲಾನ್ ಬಿದ್ದಿರುತ್ತೆ. ಜಗಳ ಯಾವಾಗಲೂ ಒಂದೇ: ಗೋಕರ್ಣನಾ, ಗೋವಾನಾ? ಗೋಕರ್ಣ ಹತ್ತಿರ, ಖರ್ಚು ಕಮ್ಮಿ ಅಂತ ಒಬ್ಬ. ಆದ್ರೆ ಅಲ್ಲಿ ಗೋವಾ ಥರ ಮರಳಲ್ಲಿ ಕಾಲು ಚಾಚಿ ಬಿಯರ್ ಕುಡಿಯೋಕಾಗಲ್ವಲ್ಲ ಅಂತ ಇನ್ನೊಬ್ಬ.

ಎರಡನೆಯವನ ಮಾತಿನಲ್ಲಿ ಒಂದು ಒಳ್ಳೆಯ ಚರಿತ್ರೆಯ ಪ್ರಶ್ನೆ ಇದೆ. ಎರಡೂ ಕಡೆ ಇರೋದು ಅದೇ ಅರಬ್ಬಿ ಸಮುದ್ರ, ಅದೇ ತೆಂಗು, ಅದೇ ಬಂಗಡೆ ಮೀನು. ಕಾರವಾರದ ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವಾದ ಪೋಳೆಂಗೆ ಕಾಲಿಟ್ಟ ಕೂಡಲೇ ಹೆದ್ದಾರಿಯ ಪಕ್ಕ ಸಾಲು ಸಾಲು ಬಾರು, ಲಿಕ್ಕರ್ ಅಂಗಡಿ. ಗಡಿಯ ಈಚೆಗೆ ಸುಮಾರು 300 ಕಿಲೋಮೀಟರ್ ಉದ್ದದ ಕರಾವಳಿ ಇದ್ದೂ ನಮ್ಮಲ್ಲಿ ಆ ಸಂಸ್ಕೃತಿ ಬೆಳೆಯಲಿಲ್ಲ. ಯಾಕೆ? "ನಮ್ಮವರು ಸಂಪ್ರದಾಯಸ್ಥರು" ಅನ್ನೋದು ಸುಲಭದ ಉತ್ತರ. ಅದು ಪೂರ್ತಿ ಸರಿಯಲ್ಲ. ಕುಡಿಯುವವರು ಎರಡೂ ಕಡೆ ಇದ್ದರು. ಬೇರೆಯಾಗಿದ್ದು ಸರ್ಕಾರಗಳು.

ಮೊದಲು, ಮರಳಿನ ಮೇಲೆ ಸುಮ್ಮನೆ ಕೂರೋದು ಅನ್ನುವುದೇ ಹೊಸ ಅಭ್ಯಾಸ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಬಯಲುಸೀಮೆಯ, ಅರೆಮಲೆನಾಡಿನ ಜನ ಸಮುದ್ರ ನೋಡುತ್ತಿದ್ದದ್ದು ಬಹುಪಾಲು ಗೋಕರ್ಣಕ್ಕೆ ಯಾತ್ರೆ ಹೋದಾಗ. ಕೋಟಿತೀರ್ಥ, ಸಮುದ್ರಸ್ನಾನ, ಮಹಾಬಲೇಶ್ವರನ ದರ್ಶನ, ಹಿರಿಯರ ಕಾರ್ಯ. ಮುಗೀತು, ವಾಪಸ್. ಕಡಲು ಅವರಿಗೆ ತೀರ್ಥ. ಅದರ ಮುಂದೆ ಟವೆಲ್ ಹಾಸಿ ಮಲಗುವ ಯೋಚನೆ ಯಾರಿಗೂ ಬಂದಿರಲಿಕ್ಕಿಲ್ಲ. ಯಾತ್ರೆಗೆ ಹೋಗದವರ ಮನೆಗೂ ಸಮುದ್ರ ಬರುತ್ತಿತ್ತು, ಸಂತೆಯ ಒಣಮೀನಿನ ರೂಪದಲ್ಲಿ.

ಹೀಗೆ ಸುಮ್ಮನೆ ಕಡಲು ನೋಡಿದವರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಹೆಸರು ರವೀಂದ್ರನಾಥ ಠಾಕೂರರದ್ದು. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥ, ಅಂದರೆ ಐಸಿಎಸ್ ಪಾಸಾದ ಮೊದಲ ಭಾರತೀಯ, ಕಾರವಾರದಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತರ ಆಸುಪಾಸಿನ ತಮ್ಮ ಅಲ್ಲಿಗೆ ಬಂದ, ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದ, ಬೆಳದಿಂಗಳಲ್ಲಿ ಮರಳ ಮೇಲೆ ನಡೆದ, 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದ. ಇವತ್ತು ಕಾರವಾರದ ಬೀಚಿಗೆ ಅವರದ್ದೇ ಹೆಸರು. ವೀಕೆಂಡಿಗೆ ಹೋಗಿ ಸಮುದ್ರದ ಮುಂದೆ ಭಾವುಕರಾಗುವ ನಮ್ಮೆಲ್ಲರ ಹಿರಿಯಣ್ಣ ಅಂದರೂ ತಪ್ಪಿಲ್ಲ.

ಆದರೆ ಕರಾವಳಿಯವರಿಗೆ ಆ ಮರಳು ಕೆಲಸದ ಅಂಗಳ. ರಂಪಣಿ ಬಲೆ ಅಂತ ಕೇಳಿರಬಹುದು. ದೋಣಿಯಲ್ಲಿ ಬಲೆ ಒಯ್ದು, ಮೀನಿನ ಹಿಂಡನ್ನು ಅರ್ಧಚಂದ್ರದಂತೆ ಸುತ್ತುವರಿದು, ಎರಡು ತುದಿಯ ಹಗ್ಗವನ್ನು ದಡಕ್ಕೆ ತರುತ್ತಾರೆ. ಆಮೇಲೆ ಊರಿಗೆ ಊರೇ ನಿಂತು ಎಳೆಯಬೇಕು. ಹತ್ತಿಪ್ಪತ್ತು ಜನರ ಕೆಲಸ ಅಲ್ಲ ಅದು. ಎಳೆದವರಿಗೆಲ್ಲ ಪಾಲು. ಬಂಗಡೆ, ಭೂತಾಯಿ ರಾಶಿ ಬಿದ್ದ ದಿನ ದಡವೇ ಮಾರುಕಟ್ಟೆ. ಉಳಿದದ್ದನ್ನು ಹೆಂಗಸರು ಅದೇ ಮರಳಿನ ಮೇಲೆ ಒಣಗಿಸುತ್ತಿದ್ದರು. ನಮ್ಮ ಸಂತೆಗೆ ಬರುತ್ತಿದ್ದದ್ದು ಅಂಥ ಮೀನೇ. ಹಾಗಾಗಿ "ಖಾಲಿ ಬೀಚ್" ಅನ್ನೋ ಮಾತಿಗೆ ಆಗ ಅರ್ಥವೇ ಇರಲಿಲ್ಲ.

ಇನ್ನು ಕುಡಿತದ ವಿಷಯ. ಕರಾವಳಿಯಲ್ಲಿ ಸೇಂದಿ ಹೊಸದಲ್ಲ. ದಕ್ಷಿಣದಲ್ಲಿ ಬಿಲ್ಲವರು, ಉತ್ತರದಲ್ಲಿ ಹಳೆಪೈಕರು ಮರ ಹತ್ತಿ ಸೇಂದಿ ಇಳಿಸುವುದನ್ನೇ ಕಸುಬು ಮಾಡಿಕೊಂಡಿದ್ದವರು. ಕುತೂಹಲದ ಸಂಗತಿ ಅಂದರೆ, ಕುಡಿತದ ವಿರುದ್ಧದ ಮೊದಲ ಗಟ್ಟಿ ಮಾತುಗಳಲ್ಲಿ ಒಂದು ಇದೇ ಸಮುದಾಯಗಳ ನಡುವೆ ಕೇಳಿತು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಸೇಂದಿ ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಅಂತ ಬೋಧಿಸಿದವರು.

ಗುರುಗಳ ಹಿಂದೆ ಸರ್ಕಾರ ಬಂತು. ಇಲ್ಲಿ ನಕ್ಷೆ ಮುಖ್ಯ. 1956ರ ನವೆಂಬರ್ 1ರವರೆಗೆ ನಮ್ಮ ಕರಾವಳಿ ಒಂದೇ ರಾಜ್ಯದಲ್ಲಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಉತ್ತರ ಕನ್ನಡವನ್ನು 1862ರಲ್ಲೇ ಮದ್ರಾಸಿನಿಂದ ಕಿತ್ತು ಬಾಂಬೆಗೆ ಕೊಟ್ಟಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿ 1937ರಲ್ಲಿ ರಾಜಾಜಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರು ಮಾಡಿದರು, 1948ರ ಹೊತ್ತಿಗೆ ಅದು ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಬಾಂಬೆಯಲ್ಲಿ 1949ರ ಕಾಯ್ದೆ, 1950ರ ಏಪ್ರಿಲಿನಿಂದ ಪೂರ್ತಿ ನಿಷೇಧ. ಅಂದರೆ 1950ರ ಹೊತ್ತಿಗೆ ಕಾರವಾರದಿಂದ ಕಾಸರಗೋಡಿನವರೆಗೆ ಕಾನೂನಿನ ಪ್ರಕಾರ ಒಂದು ಹನಿಯೂ ಇಲ್ಲ. ಮಾಜಾಳಿಯ ಆಚೆ ಮಾತ್ರ ಪೋರ್ಚುಗೀಸ್ ಸರ್ಕಾರ. ಅವರೇ ಬ್ರೆಜಿಲ್‌ನಿಂದ ತಂದ ಗೋಡಂಬಿಯ ಹಣ್ಣಿನಿಂದ ಫೆನಿ ಇಳಿಯುತ್ತಿತ್ತು, ತಡೆಯುವವರಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಿದ್ದ ಹಳೇ ಮೈಸೂರಿನ ಕಥೆಯೂ ಇದಕ್ಕೆ ಅಂಟಿಕೊಂಡಿದೆ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯದ್ದು (ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ನ್ಯಾಮತಿ ತಾಲ್ಲೂಕಾಗಿದ್ದು ಇನ್ನೂ ಈಚೆಗೆ). ಅದೇ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಸೇಂದಿಯ ಮರ ಕಡಿದರೆ ಸರ್ಕಾರದ ಅಬಕಾರಿ ಆದಾಯವೂ ಕಡಿದಂತೆ ಅನ್ನೋದು ಲೆಕ್ಕ. ಅದರಲ್ಲಿ ಜೈಲಿಗೆ ಹೋದವರಲ್ಲಿ ಎಸ್. ನಿಜಲಿಂಗಪ್ಪ ಎಂಬ ವಕೀಲರೂ ಇದ್ದರು. ಸ್ವಾತಂತ್ರ್ಯದ ನಂತರ ಮೈಸೂರಿನಲ್ಲೂ ಹಂತ ಹಂತವಾಗಿ ಪಾನನಿಷೇಧ ಬಂತು. 1967ರಲ್ಲಿ ಅದನ್ನು ತೆಗೆದುಹಾಕಿ ಅಬಕಾರಿ ಕಾಯ್ದೆ ಜಾರಿಗೆ ತಂದಾಗ ಮುಖ್ಯಮಂತ್ರಿ ಯಾರು? ಅದೇ ನಿಜಲಿಂಗಪ್ಪ. ಇದರಲ್ಲಿ ಬರೀ ವ್ಯಂಗ್ಯ ಹುಡುಕಬೇಕಿಲ್ಲ. ಕಳ್ಳಬಟ್ಟಿ ನಿಲ್ಲಲಿಲ್ಲ, ಖಜಾನೆಗೆ ದುಡ್ಡು ಬೇಕಿತ್ತು. ಸತ್ಯಾಗ್ರಹಿಯ ಲೆಕ್ಕ ಬೇರೆ, ಮುಖ್ಯಮಂತ್ರಿಯ ಲೆಕ್ಕ ಬೇರೆ.

ಈ ಹದಿನೇಳು ಹದಿನೆಂಟು ವರ್ಷದ ಒಣಗಾಲ ಒಂದು ಅಭ್ಯಾಸ ಬಿಟ್ಟುಹೋಯ್ತು ಅನ್ನೋದು ನನ್ನ ಅನಿಸಿಕೆ. ಕುಡಿತ ಅಂದರೆ ಮುಚ್ಚಿಟ್ಟು ಮಾಡುವ ಕೆಲಸ. 1967ರ ನಂತರ ಮದ್ಯ ವಾಪಸ್ ಬಂದಾಗ ಅದು ಬಂದದ್ದು ನಾಲ್ಕು ಗೋಡೆಯ 'ಬಾರ್ ಅಂಡ್ ರೆಸ್ಟೋರೆಂಟ್' ಆಗಿ: ಮಂದ ದೀಪ, ಕಪ್ಪು ಗಾಜು, ಪರದೆ ಎಳೆದ ಫ್ಯಾಮಿಲಿ ರೂಮು. ಹೊನ್ನಾಳಿಯ ಬಸ್ ಸ್ಟ್ಯಾಂಡ್ ಹತ್ತಿರದ ಬಾರಿಗೂ ಕುಂದಾಪುರದ ಬಾರಿಗೂ ಒಳಗಿನ ಬೆಳಕಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕಿಟಕಿಯಾಚೆ ಸಮುದ್ರ ಇದ್ದರೂ ಅದಕ್ಕೆ ಬೆನ್ನು ಹಾಕಿ ಕೂರುವ ಬಾರು ನಮ್ಮದು.

ಗೋವಾದಲ್ಲಿ ಆಗಿದ್ದು ಬೇರೆ. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿತು, ಆದರೆ ಪಾನನಿಷೇಧ ಅಲ್ಲಿಗೆ ಕಾಲಿಡಲಿಲ್ಲ. ಅರವತ್ತರ ದಶಕದ ಕೊನೆಗೆ ಕಲಂಗೂಟ್, ಅಂಜುನಾಗೆ ಹಿಪ್ಪಿಗಳು ಬಂದರು. ಮೀನುಗಾರರ ಮನೆಯಲ್ಲಿ ಬಾಡಿಗೆಗೆ ಇದ್ದರು, ಅವರದ್ದೇ ಊಟ ಮಾಡಿದರು. ಬಿದಿರು, ತೆಂಗಿನ ಗರಿಯ ಶ್ಯಾಕ್‌ಗಳು ಬೆಳೆದದ್ದು ಈ ಕೊಡುಕೊಳ್ಳುವಿಕೆಯಿಂದ. ಮಳೆಗಾಲಕ್ಕೆ ಬಿಚ್ಚಿಡಬೇಕು, ಸೀಸನ್ನಿಗೆ ಲೈಸೆನ್ಸು, ಅದೂ ಗೋವಾದವರಿಗೆ. ಆಮೇಲೆ ಅಲ್ಲೂ ದುಡ್ಡಿನ ಆಟ, ಗದ್ದಲ, ಕಸ ಎಲ್ಲ ಸೇರಿಕೊಂಡವು. ಆದರೆ ಶುರುವಿನಲ್ಲಿ ಅದು ದಡದವರದ್ದೇ ವ್ಯಾಪಾರ.

ನಮ್ಮ ಕಡೆ ಎಪ್ಪತ್ತರ ದಶಕದ ನಡುವೆ ಬಂದದ್ದು ಹಿಪ್ಪಿಗಳಲ್ಲ, ಪರ್ಸೀನ್ ಬೋಟುಗಳು. ಯಂತ್ರದ ದೋಣಿ ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತಿ ಎತ್ತಿಕೊಂಡಿತು. ರಂಪಣಿಯವರು ಪ್ರತಿಭಟಿಸಿದರು, ಕೆಲವೇ ವರ್ಷಗಳಲ್ಲಿ ರಂಪಣಿ ಹೆಚ್ಚುಕಮ್ಮಿ ಮಾಯವಾಯಿತು. ಊರೆಲ್ಲ ನಿಂತು ಎಳೆಯುತ್ತಿದ್ದ ಮರಳು ಮೊದಲ ಸಲ ಖಾಲಿಯಾಗಿ ಕಂಡದ್ದು ಆಗ. ನಾವು ಇವತ್ತು ಫೋಟೋ ತೆಗೆದು 'ಅನ್‌ಟಚ್ಡ್' ಅಂತ ಹಾಕುವ ಎಷ್ಟೋ ದಂಡೆಗಳು ಮುಟ್ಟದೇ ಉಳಿದವಲ್ಲ. ಮುಟ್ಟುತ್ತಿದ್ದವರ ಕೆಲಸ ಹೋದ ಮೇಲೆ ಉಳಿದವು.

ಖಾಲಿಯಾದ ಮರಳಿಗೆ ಬೇರೆ ಬೇರೆಯವರು ಕೈ ಹಾಕಿದರು. 1986ರಲ್ಲಿ ಕಾರವಾರದ ಹತ್ತಿರ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಅಂಕೋಲೆಯ ಕಡೆಗಿನ ಎಷ್ಟೋ ದಂಡೆಗಳು ಬೇಲಿಯೊಳಗೆ ಹೋದವು, ಸಾವಿರಾರು ಕುಟುಂಬಗಳು ಎದ್ದು ಹೋದವು. 1991ರ ಫೆಬ್ರವರಿಯಲ್ಲಿ ಕೇಂದ್ರದ ಸಿಆರ್‌ಜೆಡ್ ಅಧಿಸೂಚನೆ ಬಂತು: ಗ್ರಾಮೀಣ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು (ಆಮೇಲೆ ಸಡಿಲಿಕೆ ಸಿಕ್ಕಿತು). ಮರವಂತೆ ನೆನಪಿಸಿಕೊಳ್ಳಿ: ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಎರಡೂ ನಿಯಮ ಇಟ್ಟು ಅಳೆದರೆ ಬಾರಿಗೆ ಜಾಗ ನದಿಯೊಳಗೇ ಹುಡುಕಬೇಕು!

ಗೋಕರ್ಣ ಈ ಎಲ್ಲದರ ನಡುವೆ ಸಂದಿಯಲ್ಲಿ ಬೆಳೆದ ಊರು. ಗೋವಾದ ಗದ್ದಲ ಸಾಕಾದ ವಿದೇಶಿಯರು ದಕ್ಷಿಣಕ್ಕೆ ಸರಿದು ಕುಡ್ಲೆ, ಓಂ ಬೀಚುಗಳಲ್ಲಿ ಗುಡಿಸಲು ಹಿಡಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ನಮ್ಮವರೂ ಹಿಂದೆಯೇ ಹೋದರು. ದೇವಸ್ಥಾನದ ಊರು ಒಂದು ಗುಡ್ಡದ ಈಚೆ, ಬ್ಯಾಕ್‌ಪ್ಯಾಕರ್ ಊರು ಆಚೆ. ಎರಡೂ ಒಂದನ್ನೊಂದು ನೋಡಿಯೂ ನೋಡದ ಹಾಗೆ ಇವೆ. ಇನ್ನೂ ದಕ್ಷಿಣಕ್ಕೆ, ಮೂಲ್ಕಿಯಲ್ಲಿ 2004ರಲ್ಲಿ ಹುಟ್ಟಿದ ಮಂತ್ರ ಸರ್ಫ್ ಕ್ಲಬ್ ಒಂದು ಆಶ್ರಮದ್ದು. ಬೀಚ್ ಬಾರಿನ ಬದಲು ನಮ್ಮ ಕರಾವಳಿ ದೇಶಕ್ಕೆ ಕೊಟ್ಟದ್ದು ಸಸ್ಯಾಹಾರಿ ಸರ್ಫಿಂಗ್!

ಈಗ "ನಮ್ಮಲ್ಲೂ ಗೋವಾ ಮಾದರಿ ಬರಲಿ" ಅನ್ನುವ ಮಾತು ಆಗಾಗ ಏಳುತ್ತೆ. ಬರಬಾರದು ಅಂತ ನಾನೇನೂ ಹೇಳಲ್ಲ. ಸೂರ್ಯಾಸ್ತದ ಮುಂದೆ ಒಂದು ಬಿಯರ್ ಕುಡಿದರೆ ಸಂಸ್ಕೃತಿ ಮುಳುಗುವುದಿಲ್ಲ. ಆದರೆ ಗೋವಾದಿಂದ ಏನು ತರ್ತೀವಿ ಅನ್ನೋದು ಮುಖ್ಯ. ಸೀಸನ್ ಮುಗಿದರೆ ಬಿಚ್ಚಿಡುವ, ಊರವರ ಹೆಸರಿನ ಲೈಸೆನ್ಸಿನ ಶ್ಯಾಕ್ ತರೋದಾ? ಅಥವಾ ಹೊರಗಿನವರು ಬೇಲಿ ಹಾಕಿ ಕಟ್ಟುವ ರೆಸಾರ್ಟಾ?

ಹೊನ್ನಾವರದ ಕಾಸರಕೋಡನ್ನೇ ನೋಡಿ. 2020ರಲ್ಲಿ ಪಡುಬಿದ್ರಿಯ ಜೊತೆ ಅದಕ್ಕೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಲ್ಲಿನ ಹೆಂಗಸರು ಇವತ್ತಿಗೂ ಮರಳಿನ ಮೇಲೆ ಮೀನು ಒಣಗಿಸುತ್ತಾರೆ. ಪ್ರವಾಸಿಗೆ ಅದು ವಾಸನೆ, ಬಂದರಿನ ನಕ್ಷೆಯಲ್ಲಿ ಅದು ಖಾಲಿ ಜಾಗ. ಜಗಳೂರಿನ ಸಂತೆಯ ಲೆಕ್ಕದಲ್ಲಿ ಅದು ನಮಗೆ ಸಮುದ್ರದ ಮೊದಲ ಪರಿಚಯ.

ಮುಂದಿನ ಲಾಂಗ್ ವೀಕೆಂಡಿಗೆ ಗೋಕರ್ಣನಾ ಗೋವಾನಾ ಅಂತ ಗ್ರೂಪಿನಲ್ಲಿ ವೋಟ್ ಹಾಕುವಾಗ ಯಾವುದಕ್ಕಾದರೂ ಹಾಕಿ. ಹೊನ್ನಾವರದ ದಾರಿ ಹಿಡಿದರೆ ಮಾತ್ರ ಟೊಂಕದ ಕಡೆ ಒಮ್ಮೆ ಇಳಿದು, ಅರ್ಧ ಕಿಲೋ ಒಣ ಬಂಗಡೆ ತಗೊಳ್ಳಿ. ಕಾರು ಎರಡು ದಿನ ನಾರುತ್ತೆ. ಪರವಾಗಿಲ್ಲ.