ಖಾಸಗಿ ಕಾರಿಗೆ ಎಷ್ಟು ಅಶ್ವಶಕ್ತಿ ಸೂಕ್ತ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಹೊಸ ಕಾರಿನ ನೋಂದಣಿ, ಹಳೆಯ ಕಾರಿನ ಮಾಲೀಕತ್ವ ವರ್ಗಾವಣೆ ಹಾಗೂ ವಾಹನ ಮಾರ್ಪಾಡಿನ ಬಗ್ಗೆ ವಿಚಾರಿಸುವ ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆಯೆಂದರೆ, ನಮ್ಮ ಭಾಗದ ರಸ್ತೆಗಳಿಗೆ ಎಷ್ಟು ಅಶ್ವಶಕ್ತಿಯ ಕಾರು ಬೇಕು ಎಂಬುದು. ಈ ಕುರಿತು ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

1. ಅಶ್ವಶಕ್ತಿ ಎಂದರೇನು?

75 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಸಾಮರ್ಥ್ಯವೇ ಒಂದು ಮೆಟ್ರಿಕ್ ಅಶ್ವಶಕ್ತಿ. ಇದು 735.5 ವ್ಯಾಟ್‌ಗೆ ಸಮ. ತಯಾರಕರು ಸಾಮರ್ಥ್ಯವನ್ನು ಕಿಲೋವ್ಯಾಟ್‌ನಲ್ಲಿ ನಮೂದಿಸಿದ್ದಲ್ಲಿ ಅದನ್ನು 1.36ರಿಂದ ಗುಣಿಸಿದರೆ ಅಶ್ವಶಕ್ತಿ ದೊರೆಯುತ್ತದೆ. ಉದಾಹರಣೆಗೆ, 50 ಕಿಲೋವ್ಯಾಟ್ ಎಂದರೆ 68 ಅಶ್ವಶಕ್ತಿ. ಪ್ರಕಟಿತ ಅಂಕಿಯು ಎಂಜಿನ್ ಅತಿ ವೇಗವಾಗಿ ತಿರುಗುವಾಗ ಮಾತ್ರ ದೊರೆಯುವ ಗರಿಷ್ಠ ಸಾಮರ್ಥ್ಯವಾಗಿರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

2. ನಮ್ಮ ರಸ್ತೆಗಳಲ್ಲಿ ವಾಸ್ತವವಾಗಿ ಬೇಕಾಗುವ ಸಾಮರ್ಥ್ಯ

ಐದು ಜನ ಹಾಗೂ ಸಾಮಾನು ಸೇರಿ 1,300 ಕಿಲೋಗ್ರಾಂ ತೂಗುವ ಒಂದು ಸಣ್ಣ ಕಾರನ್ನು ಪರಿಗಣಿಸಿದಲ್ಲಿ, ಚಕ್ರಗಳಿಗೆ ತಲುಪಬೇಕಾದ ಸಾಮರ್ಥ್ಯವು ಅಂದಾಜು ಕೆಳಕಂಡಂತಿರುತ್ತದೆ:

(ಅ) ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗ: 12 ಅಶ್ವಶಕ್ತಿ.
(ಆ) 100 ಮೀಟರಿಗೆ 8 ಮೀಟರ್ ಏರುವ ಘಟ್ಟದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗ: 19 ಅಶ್ವಶಕ್ತಿ.
(ಇ) ತೋಟದ ಮನೆಗೆ ಹೋಗುವ, 5 ಮೀಟರಿಗೆ 1 ಮೀಟರ್ ಏರುವ ಕಡಿದಾದ ದಾರಿಯಲ್ಲಿ ಗಂಟೆಗೆ 10 ಕಿ.ಮೀ. ವೇಗ: 10 ಅಶ್ವಶಕ್ತಿ.
(ಈ) 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕಲು 5 ಸೆಕೆಂಡುಗಳಲ್ಲಿ ಗಂಟೆಗೆ 40ರಿಂದ 60 ಕಿ.ಮೀ. ವೇಗಕ್ಕೆ ಏರುವುದು: ಸುಮಾರು 48 ಅಶ್ವಶಕ್ತಿ.

ಗೇರುಪೆಟ್ಟಿಗೆಯಲ್ಲಿ ಆಗುವ ನಷ್ಟ ಮತ್ತು ಹವಾನಿಯಂತ್ರಕದ ಬಳಕೆಯನ್ನು ಇದಕ್ಕೆ ಸೇರಿಸಬೇಕಾಗುತ್ತದೆ. ಅಲ್ಲದೆ ಸಂಪಾಜೆ ಘಟ್ಟವನ್ನೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯನ್ನು ತಲುಪುವಷ್ಟರಲ್ಲಿ ಗಾಳಿ ವಿರಳವಾಗುವುದರಿಂದ, ಟರ್ಬೊ ಇಲ್ಲದ ಎಂಜಿನ್ನು ತನ್ನ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ.

ಇವೆಲ್ಲವನ್ನೂ ಪರಿಗಣಿಸಿದಾಗ, ಸಣ್ಣ ಕಾರಿಗೆ 65ರಿಂದ 90 ಅಶ್ವಶಕ್ತಿ ಹಾಗೂ ಏಳು ಆಸನಗಳ ಕಾರಿಗೆ 100ರಿಂದ 120 ಅಶ್ವಶಕ್ತಿ ಸಾಕಾಗುತ್ತದೆ. 1983ರಲ್ಲಿ ಮಾರುಕಟ್ಟೆಗೆ ಬಂದ 796 ಸಿ.ಸಿ.ಯ ಮಾರುತಿ 800 ಕಾರಿನ ಸಾಮರ್ಥ್ಯವು 40 ಅಶ್ವಶಕ್ತಿಗಿಂತ ಕಡಿಮೆಯಿದ್ದಿತು. ಕಾರಿನ ತೂಕವೂ 700 ಕಿಲೋಗ್ರಾಂಗಿಂತ ಕಡಿಮೆಯಿದ್ದುದರಿಂದ ಅದು ಏರುರಸ್ತೆಗಳಿಗೆ ಒದಗಿತು. ಆದುದರಿಂದ ಅಶ್ವಶಕ್ತಿಯೊಂದನ್ನೇ ನೋಡದೆ ತೂಕದೊಂದಿಗೆ ಹೋಲಿಸಿ ನೋಡುವುದು ಸೂಕ್ತ.

3. ಕಡಿದಾದ ದಾರಿಗೆ ಟಾರ್ಕ್ ಮುಖ್ಯ

ಮೇಲಿನ (ಇ)ರಲ್ಲಿ ತಿಳಿಸಿದಂತೆ ಮನೆಯ ಏರುದಾರಿಗೆ ಬೇಕಾಗುವ ಅಶ್ವಶಕ್ತಿ ಅತ್ಯಲ್ಪ. ಅಲ್ಲಿ ಕಾರು ನಿಂತುಹೋಗುವುದಕ್ಕೆ ಕಾರಣ ಕಡಿಮೆ ವೇಗದಲ್ಲಿ ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಸಾಲದಿರುವುದು; ಇಲ್ಲವೇ ಮಳೆಯಲ್ಲಿ ಪಾಚಿಗಟ್ಟಿದ ನೆಲದ ಮೇಲೆ ಟಯರು ಹಿಡಿತ ಕಳೆದುಕೊಳ್ಳುವುದು. ಖರೀದಿಗೆ ಮುನ್ನ, ಕುಟುಂಬದವರನ್ನು ಕೂರಿಸಿಕೊಂಡು, ತಮ್ಮ ಮನೆಯ ಏರಿನಲ್ಲಿಯೇ ಕಾರನ್ನು ನಿಲ್ಲಿಸಿ ಮತ್ತೆ ಹೊರಡಿಸಿ ಪರೀಕ್ಷಿಸುವುದು ಉತ್ತಮ. ವಿದ್ಯುತ್ ಚಾಲಿತ ಕಾರುಗಳಲ್ಲಿ ನಿಂತಲ್ಲಿಂದಲೇ ಪೂರ್ಣ ಟಾರ್ಕ್ ದೊರೆಯುತ್ತದೆ.

4. ಹೆಚ್ಚುವರಿ ಅಶ್ವಶಕ್ತಿಯ ಮಿತಿ

ಮಾಣಿಯಿಂದ ಪುತ್ತೂರು, ಸುಳ್ಯ ಮಾರ್ಗವಾಗಿ ಮಡಿಕೇರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 275, ಗುಂಡ್ಯದಿಂದ ಶಿರಾಡಿ ಘಟ್ಟವನ್ನೇರುವ ರಾಷ್ಟ್ರೀಯ ಹೆದ್ದಾರಿ 75 ಹಾಗೂ ಸುಬ್ರಹ್ಮಣ್ಯದಿಂದ ಬಿಸಿಲೆ ಘಟ್ಟದ ರಸ್ತೆಗಳಲ್ಲಿ ವೇಗವನ್ನು ನಿರ್ಧರಿಸುವುದು ತಿರುವು ಮತ್ತು ಮಳೆಯೇ ಹೊರತು ಎಂಜಿನ್ ಅಲ್ಲ. ಒದ್ದೆ ರಸ್ತೆಯಲ್ಲಿ 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 39 ಕಿ.ಮೀ. ಮೀರಿದರೆ ಕಾರು ಜಾರಲಾರಂಭಿಸಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಒದ್ದೆ ರಸ್ತೆಯಲ್ಲಿ ಪೂರ್ಣವಾಗಿ ನಿಲ್ಲಲು, ಚಾಲಕನು ಎಚ್ಚೆತ್ತು ಬ್ರೇಕ್ ಒತ್ತುವ ಒಂದು ಸೆಕೆಂಡು ಸೇರಿ, ಸುಮಾರು 52 ಮೀಟರ್ ಬೇಕು, 80 ಕಿ.ಮೀ. ವೇಗದಲ್ಲಿ ಸುಮಾರು 85 ಮೀಟರ್ ಬೇಕು. ಕಾರು 70 ಅಶ್ವಶಕ್ತಿಯದಾಗಲಿ 200 ಅಶ್ವಶಕ್ತಿಯದಾಗಲಿ ಈ ದೂರ ಕಡಿಮೆಯಾಗುವುದಿಲ್ಲ. ಘಟ್ಟ ಇಳಿಯುವಾಗ ಏರಲು ಬಳಸಿದ ಗೇರಿನಲ್ಲಿಯೇ ಇಳಿಯತಕ್ಕದ್ದು. ಟಯರು ಮತ್ತು ಬ್ರೇಕುಗಳಿಗೆ ಮಾಡುವ ವೆಚ್ಚವೇ ಹೆಚ್ಚು ಫಲಕಾರಿ.

5. ತೆರಿಗೆ ಮತ್ತು ವಿಮೆ

ಕರ್ನಾಟಕದಲ್ಲಿ ಖಾಸಗಿ ಕಾರಿನ ಜೀವಿತಾವಧಿ ತೆರಿಗೆಯನ್ನು ಅಶ್ವಶಕ್ತಿಯ ಮೇಲಲ್ಲ, ವಾಹನದ ಮೌಲ್ಯದ ಮೇಲೆ ವಿಧಿಸಲಾಗುತ್ತದೆ. ಮೂರನೇ ವ್ಯಕ್ತಿಯ ವಿಮಾ ಕಂತು 1,000 ಮತ್ತು 1,500 ಸಿ.ಸಿ. ಮಿತಿಗಳನ್ನು ಅನುಸರಿಸಿ ಬದಲಾಗುತ್ತದೆ. ವಿದ್ಯುತ್ ಚಾಲಿತ ಕಾರುಗಳಿಗೆ ಮಾತ್ರ 30 ಮತ್ತು 65 ಕಿಲೋವ್ಯಾಟ್ ಮಿತಿಗಳು ಅನ್ವಯಿಸುತ್ತವೆ.

6. ಎಂಜಿನ್ ಸಾಮರ್ಥ್ಯ ಹೆಚ್ಚಿಸುವ ಮಾರ್ಪಾಡುಗಳು

ಎಂಜಿನ್ ನಿಯಂತ್ರಣ ತಂತ್ರಾಂಶವನ್ನು ಬದಲಾಯಿಸುವುದು, ಟರ್ಬೊ ಅಳವಡಿಸುವುದು, ಬೇರೆ ಕಾರಿನ ಎಂಜಿನ್ ಕೂರಿಸುವುದು ಮುಂತಾದವುಗಳಿಗೆ ಮುಂದಾಗುವವರು ಈ ಕೆಳಗಿನ ಅಂಶಗಳನ್ನು ಅರಿತಿರಬೇಕು:

(ಅ) ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ.
(ಆ) 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ(4)ರಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾಗೃಹ ವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಇವೆರಡನ್ನೂ ನಿಗದಿಪಡಿಸಲಾಯಿತು.
(ಇ) ಕೆಟ್ಟುಹೋದ ಎಂಜಿನ್ನಿನ ಬದಲಿಗೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಅಳವಡಿಸುವುದಿದ್ದಲ್ಲಿಯೂ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಪ್ರಮಾಣಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು.
(ಈ) ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೆ ತೊಡಕಾಗಬಹುದು. ಆ ಹೊರೆ ಮಾಲೀಕರ ಕುಟುಂಬದ ಮೇಲೆ ಬೀಳುತ್ತದೆ.

7. ಹಳೆಯ ಕಾರು ಖರೀದಿಸುವವರಿಗೆ ಸೂಚನೆ

ಮುಂಗಡ ಹಣ ನೀಡುವ ಮುನ್ನ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಇಂಧನದ ವಿಧ ಮತ್ತು ಸಿ.ಸಿ.ಯನ್ನು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆ ನೋಡತಕ್ಕದ್ದು. ಮಾರ್ಪಾಡು ಮಾಡಿದವರು ಹಿಂದಿನ ಮಾಲೀಕರೇ ಆಗಿದ್ದರೂ, 15 ವರ್ಷಗಳ ನಂತರದ ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸುವಾಗ ಉತ್ತರಿಸಬೇಕಾದವರು ಹಾಲಿ ಮಾಲೀಕರು.

ಕೆಎ-21 ಸಂಕೇತದ ವಾಹನಗಳ ಮಾಲೀಕರು ಯಾವುದೇ ಮಾರ್ಪಾಡಿಗೆ ಹಣ ವ್ಯಯಿಸುವ ಮೊದಲು ಪುತ್ತೂರಿನ ಸಾರಿಗೆ ಕಚೇರಿಯಲ್ಲಿ ನೋಂದಣಿ ಪ್ರಮಾಣಪತ್ರದೊಂದಿಗೆ ವಿಚಾರಿಸಿ, ಲಿಖಿತ ಅನುಮೋದನೆ ದೊರೆತ ನಂತರವೇ ಮುಂದುವರಿಯಬೇಕಾಗಿ ಕೋರಲಾಗಿದೆ.